ಸೊಂಟವಿಲ್ಲದ ಕರಡಿ

ನಮ್ಮ ಓನರ್ ಅಂಕಲ್ ಅವರ ಮೀಸೆಯ ಎಡತುದಿ ಬಲತುದಿಗಿಂತ ಸ್ವಲ್ಪ ಮೇಲಕ್ಕಿತ್ತು. ಬಲಗೈಯಲ್ಲಿ ಸದಾ ಫೋನೋ ಬೀಗದಕೈ ಗೊಂಚಲೋ ಇರುತ್ತಿದ್ದುದರಿಂದ ಮೀಸೆ ತಿರುವುವ ಕೆಲಸವೆಲ್ಲ ಎಡಗೈಯ ಪಾಲಿಗೆ ಬಂದಿತ್ತು. ಆ ಕೈಗೆ ಎಡತುದಿಯೇ ಹತ್ತಿರ. ಹೀಗಾಗಿ ಎಡಗಡೆಯಿಂದ ನೋಡಿದರೆ ಬೈಯಲು ಹೊರಟವರಂತೆಯೂ ಬಲಗಡೆಯಿಂದ ನೋಡಿದರೆ ಈಗಷ್ಟೇ ನಿದ್ದೆಯಿಂದ ಎದ್ದವರಂತೆಯೂ ಕಾಣುತ್ತಿದ್ದರು. ಬಾಡಿಗೆಗಿದ್ದ ನಾವೆಲ್ಲ ಏನಾದರೂ ಕೇಳುವುದಿದ್ದರೆ ಅವರ ಬಲಗಡೆ ಹೋಗಿ ನಿಲ್ಲುವುದನ್ನು ಕಲಿತಿದ್ದೆವು.

ಅರೆಕೆರೆಯಲ್ಲಿ ಅವರದು ಹಳೆಯ ಮನೆತನ. ಅಪ್ಪನ ಕಾಲದಲ್ಲಿ ರಾಗಿ, ಅವರೆ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಅವರ ಕಟ್ಟಡ ನಿಂತಿತ್ತು. "ನೀನು ಒಗ್ಗರಣೆ ಹಾಕ್ತೀಯಲ್ಲಮ್ಮಾ, ಕರೆಕ್ಟಾಗಿ ಅಲ್ಲೇ ನಮ್ಮ ಕಣ ಇದ್ದಿದ್ದು" ಎಂದು ನನಗೆ ಎಷ್ಟೋ ಸಲ ಹೇಳಿದ್ದರು. ನನ್ನ ಅಡುಗೆಮನೆ ಎರಡನೇ ಮಹಡಿಯಲ್ಲಿತ್ತು. ಕಣ ಅಷ್ಟು ಎತ್ತರದಲ್ಲಿ ಹೇಗಿತ್ತೆಂದು ನಾನು ಕೇಳಲಿಲ್ಲ.

ಹೊಲ ಬಿಟ್ಟ ಮೇಲೆ ಅವರು ಮಾಡಿದ್ದೆಲ್ಲ ಕಟ್ಟಡ ಕಟ್ಟುವ ಕೆಲಸ. ಮೇಸ್ತ್ರಿಗಳ ಜತೆ ಜಗಳವಾಡಿ ಆಡಿ ಅವರ ಮಾತೆಲ್ಲ ಸಿಮೆಂಟು ಮರಳಿನದೇ ಆಗಿಹೋಗಿತ್ತು. ಯಾರಿಗಾದರೂ ಸಿಟ್ಟು ಜಾಸ್ತಿ ಎಂದರೆ "ಅವನಿಗೆ ವೆಂಟಿಲೇಶನ್ ಇಲ್ಲ ಕಣಮ್ಮ" ಎನ್ನುವರು. ದುಡುಕಿ ಮದುವೆಯಾದವರ ಬಗ್ಗೆ "ಪ್ಲಾನ್ ಸ್ಯಾಂಕ್ಷನ್ ಆಗೋ ಮುಂಚೇನೇ ಪಾಯ ತೋಡಿದ್ರು" ಎಂದು ನಿಟ್ಟುಸಿರು ಬಿಡುವರು. ದಿನಾ ಬೆಳಿಗ್ಗೆ ಟೆರೇಸಿಗೆ ಹೋಗಿ, ನೀರಿನ ಟ್ಯಾಂಕಿಗೆ ಕಿವಿಯಿಟ್ಟು, ಡಾಕ್ಟರು ರೋಗಿಯ ಬೆನ್ನು ಬಡಿದು ನೋಡುವ ಹಾಗೆ ಬೀಗದಕೈಯಿಂದ ಬಡಿದು, "ಅರ್ಧ ಇದೆ" ಎಂದು ತಮಗೆ ತಾವೇ ಹೇಳಿಕೊಂಡು ಇಳಿಯುವರು.

ನಾನು ಮನೆ ಕೇಳಲು ಹೋದ ದಿನ ನಡೆದ ಮಾತು ಇಂದಿಗೂ ನೆನಪಿದೆ.

"ಯಾವೂರಮ್ಮಾ?"

"ಗದಗ ಹತ್ರ ರೀ."

"ಹುಬ್ಬಳ್ಳಿ ಕಡೆ."

"ಹುಬ್ಬಳ್ಳಿ ಬ್ಯಾರೆ ರೀ ಅಂಕಲ್, ಗದಗ—"

"ಅದೇ, ಹುಬ್ಬಳ್ಳಿ ಕಡೆ. ನಾನ್‌ವೆಜ್ ತಿಂತೀಯಾ?"

ಬೆಂಗಳೂರಿನ ಓನರುಗಳು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆಂದು ಆಫೀಸಿನ ಗೆಳತಿಯರು ಎಚ್ಚರಿಸಿದ್ದರು. ನಾನು ಎದೆಯುಬ್ಬಿಸಿ, "ಇಲ್ರೀ, ಮುಟ್ಟಂಗೇ ಇಲ್ರೀ" ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಒಳಗೆ ತಿರುಗಿ, "ಏ ಇವಳೇ, ಪಾಪ ತಿನ್ನಲ್ವಂತೆ ಕಣೇ" ಎಂದು ಹೆಂಡತಿಗೆ ಕೂಗಿ ಹೇಳಿದರು. ಒಳಗಿನಿಂದ ಆಂಟಿ, "ಅಯ್ಯೋ, ಅದಕ್ಕೇ ಹಂಗಿದೆ ಮಗು. ಮನೆ ಕೊಟ್ಬಿಡಿ" ಎಂದರು. ಮನೆ ಸಿಕ್ಕಿತು. ಜತೆಗೆ ನಿಯಮಗಳೂ ಸಿಕ್ಕವು. ಗೋಡೆಗೆ ಮೊಳೆ ಹೊಡೆಯಬಾರದು, ಮೆಟ್ಟಿಲ ಮೇಲೆ ಚಪ್ಪಲಿ ಬಿಡಬಾರದು, ಮನೆಯಲ್ಲಿ ಯಾವ ಬಿಸಿನೆಸ್ಸೂ ಮಾಡಬಾರದು.

ಕೊನೆಯ ನಿಯಮವನ್ನು ನಾನು ಮುರಿಯಬೇಕಾಗಿ ಬಂತು. ಆಗ ನಾನು ಬನ್ನೇರುಘಟ್ಟ ರಸ್ತೆಯ ಕಡೆ ಒಂದು ಗಾರ್ಮೆಂಟ್ಸ್ ಕಂಪನಿಯಲ್ಲಿ ಮಕ್ಕಳ ರಾತ್ರಿಯುಡುಪಿಗೆ ಪ್ಯಾಟರ್ನ್ ಮಾಡುತ್ತಿದ್ದೆ. ಬಟ್ಟೆ ಕತ್ತರಿಸುವ ಮೊದಲು ಕಾಗದದ ಮೇಲೆ ಅದರ ನಕ್ಷೆ ತೆಗೆಯುವ ಕೆಲಸ ಅದು. ಹುಲಿ, ಮೊಲ, ಆನೆ ಹೀಗೆ ಪ್ರಾಣಿಗಳ ಆಕಾರದ ಪೈಜಾಮಗಳು. ಕೊರಳಿನಿಂದ ಪಾದದವರೆಗೆ ಒಂದೇ ತುಂಡು, ತಲೆಗೊಂದು ಟೊಪ್ಪಿಗೆ, ಟೊಪ್ಪಿಗೆಗೆ ಕಿವಿ, ಹಿಂದೆ ಬಾಲ. ಅವನ್ನು ನೋಡಿದ ದೊಡ್ಡವರೆಲ್ಲ "ನಮ್ಮ ಸೈಜಲ್ಲಿ ಇದ್ದಿದ್ರೆ" ಎನ್ನುತ್ತಿದ್ದರು. ಕಂಪನಿ ಬೇರೆ ರಾಜ್ಯಕ್ಕೆ ಹೊರಟು ನಮ್ಮನ್ನೆಲ್ಲ ಮನೆಗೆ ಕಳಿಸಿದಾಗ ನನ್ನ ತಲೆಯಲ್ಲಿ ಉಳಿದದ್ದು ಆ ಮಾತೊಂದೇ. ಊರಿನಿಂದ ಅವ್ವ ದಿನಾ ಫೋನು ಮಾಡಿ, "ಬಂದ್ಬಿಡವ್ವ, ಇಲ್ಲೆ ಒಂದು ಛಲೋ ವರ ನೋಡೇವಿ" ಎನ್ನುತ್ತಿದ್ದಳು. ಬರುತ್ತೇನೆ, ಸ್ವಲ್ಪ ದಿನ ತಡಿ ಎನ್ನುತ್ತ ನಾನು ಒಂದು ಹಳೆಯ ಹೊಲಿಗೆ ಯಂತ್ರ ತಂದು ಹಾಕಿಕೊಂಡೆ.

ಅಂಕಲ್‌ಗೆ ಯಂತ್ರದ ಸದ್ದು ಕೇಳಿಸಲಿಲ್ಲ. ಆದರೆ ಒಂದು ಬೆಳಿಗ್ಗೆ ಟ್ಯಾಂಕ್ ಬಡಿಯಲು ಹೋದವರು ಅಲ್ಲಿಂದಲೇ ನನ್ನನ್ನು ಕೂಗಿದರು. ಓಡಿ ಹೋದೆ. ತೊಳೆದು ಹಾಕಿದ್ದ ನನ್ನ ಮೊದಲ ಮಾದರಿಗಳಾದ ಹುಲಿ, ಮೊಲ, ಕರಡಿ ಹಗ್ಗಕ್ಕೆ ಕಿವಿ ಕಚ್ಚಿಸಿಕೊಂಡು ನೇತಾಡುತ್ತಿದ್ದವು. ಅಂಕಲ್ ಎಡಗಡೆಯ ಮುಖ ನನಗೆ ಕಾಣುವ ಹಾಗೆ ನಿಂತಿದ್ದರು.

"ಏನಮ್ಮಾ ಇದು? ನಮ್ಮ ಟೆರೇಸ್ ಮೇಲೆ ಹುಲಿ ಒಣಗಾಕಿದ್ದೀಯಾ?"

"ಅದು ನಿದ್ದಿ ಮಾಡೋ ಬಟ್ಟಿ ರೀ ಅಂಕಲ್."

"ಇಷ್ಟು ದೊಡ್ಡ ಮಗು ಯಾರದಮ್ಮಾ?"

"ಮಕ್ಕಳದಲ್ರೀ. ದೊಡ್ಡವ್ರಿಗೆ ರೀ."

"ದೊಡ್ಡೋರಿಗಾ?" ಅವರ ದನಿಯಲ್ಲಿ ನಿಜವಾದ ಕಳವಳವಿತ್ತು. "ಯಾಕೆ, ಏನಾಯ್ತು ಅವ್ರಿಗೆ?"

ಕೆಲಸದಿಂದ ದಣಿದು ಬಂದವರು ಮನೆಯಲ್ಲಿ ಆರಾಮಾಗಿ ಹಾಕಿಕೊಂಡು ಟೀವಿ ನೋಡುತ್ತಾರೆ, ಮನಸ್ಸು ಹಗುರಾಗುತ್ತದೆ ಎಂದೆಲ್ಲ ವಿವರಿಸಿದೆ. ಅವರು ಹುಲಿಯ ಬಾಲವನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಬಿಟ್ಟರು. "ನಾವು ಮನೇಗ್ ಬಂದು ಷರ್ಟ್ ಬಿಚ್ಚಾಕಿದ್ರೆ ಮನಸ್ಸು ಹಗುರಾಗ್ತಿತ್ತು" ಎಂದು ಹೇಳಿ ಕೆಳಗಿಳಿದರು. ಬಿಸಿನೆಸ್ ಮಾಡಬೇಡ ಎಂದು ಮಾತ್ರ ಹೇಳಲಿಲ್ಲ. ಇದು ಬಿಸಿನೆಸ್ ಆಗುವಂಥದ್ದೆಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ.

ನನಗೂ ಅನ್ನಿಸುತ್ತಿರಲಿಲ್ಲ. ಆನ್‌ಲೈನಿನಲ್ಲಿ ಕೊಂಡ ಕೆಲವರು ಒಂದು ಫೋಟೋ ತೆಗೆಸಿಕೊಂಡು ಬೀರುವಿಗೆ ಹಾಕುತ್ತಿದ್ದರು. ಇನ್ನು ಕೆಲವರು ವಾಪಸು ಕಳಿಸುತ್ತಿದ್ದರು. ಫ್ಲೀಸ್ ಎಂಬ ಜುಂಗಿನ ಬಟ್ಟೆ ನೋಡಲು ಚೆಂದ, ಆದರೆ ನಮ್ಮ ಏಪ್ರಿಲ್ ತಿಂಗಳಲ್ಲಿ ಅದರೊಳಗಿದ್ದವರು ಆವಿಯಲ್ಲಿ ಬೆಂದ ಕಡುಬಿನಂತಾಗುತ್ತಿದ್ದರು. ಕೈ ಮೇಲೆತ್ತಿದರೆ ಕಾಲ ಸಂದಿಯಲ್ಲಿ ಎಳೆಯುತ್ತಿತ್ತು. ಜಿಪ್ಪು ಗದ್ದಕ್ಕೆ ತರಚುತ್ತಿತ್ತು. ಇವುಗಳಲ್ಲಿ ಯಾವುದನ್ನೂ ನನಗೆ ಸರಿಯಾಗಿ ಪರೀಕ್ಷೆ ಮಾಡಲಾಗಿರಲಿಲ್ಲ. ನನ್ನ ಮಾದರಿಗಳನ್ನು ತೊಟ್ಟು ನೋಡುತ್ತಿದ್ದವಳು ಕಡ್ಡಿಯಂಥ ಒಬ್ಬ ಗೆಳತಿ. ಅವಳಿಗೆ ಗೋಣಿಚೀಲ ಹಾಕಿದರೂ ಆರಾಮಾಗಿಯೇ ಇರುತ್ತಿತ್ತು.

ಆ ಬೇಸಿಗೆಯಲ್ಲಿ ಅಂಕಲ್‌ಗೆ ಹರ್ನಿಯಾ ಆಪರೇಶನ್ ಆಯಿತು. ಸಂಪಿನ ಕಬ್ಬಿಣದ ಮುಚ್ಚಳವನ್ನು ಯಾರ ಮಾತೂ ಕೇಳದೆ ತಾವೇ ಎತ್ತಲು ಹೋಗಿ ತಂದುಕೊಂಡದ್ದು. ಮನೆಗೆ ಬಂದ ಮೇಲೆ ಶುರುವಾಯಿತು ತಾಪತ್ರಯ. ಹೊಟ್ಟೆಯ ಕೆಳಗೆ ಹೊಲಿಗೆ ಹಾಕಿದ್ದರಿಂದ ಸೊಂಟಕ್ಕೆ ಏನನ್ನೂ ಬಿಗಿಯುವಂತಿಲ್ಲ. ಪ್ಯಾಂಟು ಬೇಡ, ಪೈಜಾಮದ ಲಾಡಿ ಬೇಡ, ಲುಂಗಿಯ ಗಂಟೂ ಬೇಡ. ಗಂಟು ಹಾಕದ ಲುಂಗಿಯನ್ನು ಕೈಯಲ್ಲಿ ಹಿಡಿದುಕೊಂಡೇ ಎಷ್ಟು ಹೊತ್ತು ಓಡಾಡಲು ಸಾಧ್ಯ? ನೋಡಲು ಬಂದ ನೆಂಟರಿಗೆ ಕೈಮುಗಿಯಲು ಹೋಗಿ ಒಂದು ಸಲ ದೊಡ್ಡ ಅನಾಹುತವೇ ಆಗಿ, ಆ ನೆಂಟರು ಕಾಫಿಯನ್ನೂ ಕುಡಿಯದೆ ಹೋದರಂತೆ.

ಇದನ್ನೆಲ್ಲ ನನಗೆ ಹೇಳಿದ್ದು ಆಂಟಿ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತ, ನಡುನಡುವೆ ಕಣ್ಣೊರೆಸಿಕೊಳ್ಳುತ್ತ ಹೇಳಿದರು. "ನನ್ನ ನೈಟಿ ಹಾಕ್ಕೊಳ್ಳಿ ಅಂದ್ರೆ ಹೊಡಿಯಕ್ಕೇ ಬರ್ತಾರೆ ಕಣಮ್ಮ. ನೋವು, ಸಿಟ್ಟು, ಊಟಾನೂ ಸೇರಲ್ಲ. ನಿನ್ ಹತ್ರ ಆ ಕರಡಿ ಇದೆಯಲ್ಲಾ, ಅದಕ್ಕೆ ಸೊಂಟ ಇಲ್ಲ ಅಲ್ವಾ?"

ಕರಡಿಗೆ ಸೊಂಟವಿರಲಿಲ್ಲ. ಹೆಗಲಿನಿಂದ ಇಳಿದರೆ ಮತ್ತೆ ಕಾಲೇ. ಆದರೆ ನನ್ನಲ್ಲಿದ್ದ ಕರಡಿ ಅಂಕಲ್‌ರ ಒಂದು ತೊಡೆಗೆ ಸಾಲುವಂತಿತ್ತು. ಆಂಟಿ ಅವರ ಹಳೆಯ ಜುಬ್ಬಾ ಒಂದನ್ನು ಅಳತೆಗೆ ತಂದುಕೊಟ್ಟರು. ನಾನು ಫ್ಲೀಸ್ ಬಿಟ್ಟು, ಬನಿಯನ್ ಬಟ್ಟೆಗಿಂತ ಕೊಂಚ ದಪ್ಪನೆಯ ಹತ್ತಿಯ ಬಟ್ಟೆಯನ್ನು ಕಂದು ಬಣ್ಣದಲ್ಲಿ ಹುಡುಕಿ ತಂದು ಎರಡು ದಿನ ಕೂತು ಹೊಲಿದೆ. ಹೊಟ್ಟೆಯ ಮೇಲೆ ಒಂದು ತಿಳಿ ಬಣ್ಣದ ಗುಂಡು ತುಂಡನ್ನೂ ಇಟ್ಟೆ, ಕರಡಿಗಿರುವಂತೆ.

ಆಂಟಿ ಅದನ್ನು ಒಳಕೋಣೆಗೆ ಒಯ್ದರು. ನಾನು ಹಜಾರದಲ್ಲೇ ನಿಂತೆ. ಒಳಗೆ ಮೊದಲು ಗುಡುಗು. ಆಮೇಲೆ ಆಂಟಿಯ ಮಾತು: "ನೈಟಿ ಆದ್ರೆ ಹೆಂಗಸ್ರದ್ದು ಅಂದ್ರಿ. ಕರಡಿ ಗಂಡಸು ತಾನೆ?" ಬಟ್ಟೆಯ ಸರಸರ ಸದ್ದಾಯಿತು, ಮಂಚ ಕಿರುಗುಟ್ಟಿತು, ಬಹಳ ದಿನಗಳ ನಂತರ ಯಾರೋ ಉಸಿರು ಪೂರ್ತಿ ಹೊರಗೆ ಬಿಟ್ಟ ಹಾಗೆ "ಅಬ್ಬಾ" ಎಂಬ ದನಿ ಕೇಳಿತು.

"ಹೋಗ್ಲಿ, ಗಾಳಿ ಆಡುತ್ತೆ" ಎಂದರು ಅಂಕಲ್.

ಅಲ್ಲಿಂದ ಮುಂದೆ ನನಗೆ ನೆಮ್ಮದಿಯಿಲ್ಲ. ಕಿಟಕಿಗಳ ಪರದೆ ಎಳೆಸಿ, ಹೊರಗಿನವರು ಯಾರೂ ಒಳಕ್ಕೆ ಬರದಂತೆ ಕಟ್ಟಪ್ಪಣೆ ಮಾಡಿ, ಅವರು ಇಡೀ ದಿನ ಕರಡಿಯಲ್ಲೇ ಇರುತ್ತಿದ್ದರು. ಮಾಡಲು ಬೇರೆ ಕೆಲಸವಿಲ್ಲದ್ದರಿಂದ ಆ ಬಟ್ಟೆಯಲ್ಲಿ ತಪ್ಪು ಹುಡುಕುವುದನ್ನೇ ಕೆಲಸ ಮಾಡಿಕೊಂಡರು. ಹೊಸ ಮನೆಯ ಗೃಹಪ್ರವೇಶಕ್ಕೆ ಮುಂಚೆ ಮೇಸ್ತ್ರಿಗೆ ಫೋನು ಮಾಡುತ್ತಿದ್ದ ಹಾಗೆ ನನಗೆ ಮಾಡುವರು.

"ಏನಮ್ಮಾ, ಸೆಟ್‌ಬ್ಯಾಕೇ ಬಿಟ್ಟಿಲ್ವಲ್ಲ ನೀನು? ಸೈಟ್ ಪೂರ್ತಿ ಕಟ್ಬಿಟ್ಟಿದ್ದೀಯಾ. ಮಗ್ಗುಲು ತಿರುಗಕ್ಕೆ ಜಾಗ ಬೇಡ್ವಾ?"

ತೋಳಿನ ಕೆಳಗೆ ಬಟ್ಟೆ ಸಾಲದು ಎಂದು ಅರ್ಥ. ಅಲ್ಲೊಂದು ಚೌಕದ ತುಂಡು ಸೇರಿಸಿದೆ. ಕೈ ಎತ್ತಿದರೂ ಕೆಳಗೆ ಎಳೆಯುವುದು ನಿಂತಿತು. ಮರುದಿನ ಬಾಲದ ಸರದಿ.

"ಕೂತ್ರೆ ಬಾಲದ ಮೇಲೇ ಕೂರ್ತೀನಿ ಕಣಮ್ಮ. ಕರಡೀನೂ ಹಿಂಗೇ ಕೂರುತ್ತಾ?"

ಬಾಲವನ್ನು ಮೇಲೆ ಸರಿಸಿ, ಒಳಗಿನ ಹತ್ತಿ ತೆಗೆದು, ಬೇಕಾದಾಗ ಬಿಚ್ಚಿಡುವಂತೆ ಒತ್ತುಗುಂಡಿ ಹಾಕಿದೆ. ಮಗ್ಗುಲಾಗಿ ಮಲಗಿದರೆ ಟೊಪ್ಪಿಗೆಯ ಕಿವಿ ಒತ್ತುತ್ತದೆ ಎಂದರು. ಕಿವಿಯನ್ನು ಒಂದೇ ಪದರ ಮಾಡಿದೆ. ಪಾದ ಮುಚ್ಚಿದ್ದರಿಂದ ಗ್ರಾನೈಟ್ ನೆಲದ ಮೇಲೆ ಜಾರುತ್ತದೆ ಎಂದರು. ಪಾದ ಕತ್ತರಿಸಿ ಕಣಕಾಲಿಗೆ ಸಡಿಲ ಪಟ್ಟಿ ಕೊಟ್ಟೆ. ಬೀಗದಕೈ ಇಡಲು ಜೇಬು ಕೇಳಿದರು. ಕರಡಿಗೆ ಜೇಬೆಲ್ಲಿಂದ ಬಂತು ಎಂದು ನಾನು ತಮಾಷೆ ಮಾಡಿದರೆ, "ಕರಡಿಗೆ ಬಾಡಿಗೆ ಮನೆ ಇರುತ್ತಾ?" ಎಂದು ಗದರಿದರು. ಜೇಬು ಹಾಕಿದೆ.

ಒಂದು ದಿನ ಮಾತ್ರ ಫೋನಿನಲ್ಲಿ ಬಹಳ ಹೊತ್ತು ಕೆಮ್ಮಿದರು. ವಿಷಯಕ್ಕೆ ಬರಲೇ ಇಲ್ಲ. ಮಳೆ ಬರಬಹುದೇ ಎಂದು ಕೇಳಿದರು. ಅವ್ವ ಹೇಗಿದ್ದಾಳೆಂದು ಕೇಳಿದರು. ಆಮೇಲೆ ದನಿ ತಗ್ಗಿಸಿ, "ನೋಡಮ್ಮ, ಮೇನ್ ಡೋರು ಚೆನ್ನಾಗೇ ಇದೆ. ಆದ್ರೆ ಯಾವ ಮನೆಗಾದ್ರೂ ಹಿಂದ್ಗಡೆ ಒಂದು ಗೇಟು ಬೇಕಾಗುತ್ತೆ. ಅರ್ಜೆಂಟಿಗೆ" ಎಂದರು.

ಅರ್ಥವಾಗಲು ನನಗೆ ಒಂದು ಗಳಿಗೆ ಹಿಡಿಯಿತು. ಪಾಪ, ಹೊಲಿಗೆ ಬಿದ್ದ ಹೊಟ್ಟೆ ಇಟ್ಟುಕೊಂಡು ಪ್ರತಿ ಸಲ ಹೆಗಲಿನಿಂದ ಎಲ್ಲವನ್ನೂ ಬಿಚ್ಚಿ ಇಳಿಸಬೇಕಿತ್ತು. ನಾನು ಹಿಂಬದಿಗೆ, ಎರಡೂ ಪಕ್ಕೆಗಳಲ್ಲಿ ಗುಂಡಿಯಿರುವ, ಬೇಕಾದಾಗ ಕೆಳಗಿಳಿಸುವ ಅಗಲವಾದ ಪಟ್ಟಿಯೊಂದನ್ನು ಮಾಡಿದೆ. ಮುಚ್ಚಿದಾಗ ಅಲ್ಲೊಂದು ದಾರಿಯಿದೆ ಎಂದು ಗೊತ್ತೇ ಆಗುತ್ತಿರಲಿಲ್ಲ. ಈಗಲೂ ನಮ್ಮ ಹೊಲಿಗೆಯವರೆಲ್ಲ ಅದನ್ನು ಗೇಟು ಎಂದೇ ಕರೆಯುತ್ತಾರೆ. "ಅಕ್ಕಾ, ಮೊಲದ ಗೇಟು ಸ್ವಲ್ಪ ಓರೆ ಆಗಿದೆ" ಎನ್ನುತ್ತಾರೆ.

ಹೀಗೆ ಎಲ್ಲವೂ ಪರದೆಯ ಹಿಂದೆಯೇ ನಡೆದಿದ್ದರೆ ಚೆನ್ನಾಗಿತ್ತು. ಆದರೆ ಒಂದು ಬೆಳಿಗ್ಗೆ ನೀರಿನ ಟ್ಯಾಂಕರ್ ಬಂತು. ಹಿಂದಕ್ಕೆ ಬರುತ್ತಿದ್ದ ಟ್ಯಾಂಕರ್ ನಮ್ಮ ಗೇಟಿನ ಕಂಬಕ್ಕೆ ತಗುಲಿ ಧಡ್ ಎಂದಿತು. ತಾವು ಏನು ತೊಟ್ಟಿದ್ದೇವೆ ಎಂಬುದು ಅಂಕಲ್‌ಗೆ ಮರೆತೇ ಹೋಯಿತು. ಹೊಲಿಗೆ ಹಿಡಿದುಕೊಂಡು ಬೀದಿಗೆ ಧಾವಿಸಿ, ಕೈ ಎತ್ತಿ ಕೂಗಾಡತೊಡಗಿದರು. ಡ್ರೈವರ್ ಇಳಿದು ಬಂದವನು ಎರಡು ಹೆಜ್ಜೆ ಹಿಂದೆ ಸರಿದ.

"ಸಾರ್... ಸಾರೇ ತಾನೆ?"

"ಇನ್ಯಾರೋ? ಕಂಬ ನಿಮ್ಮಪ್ಪ ಕಟ್ಟಿಸಿದ್ನೇನೋ?"

ಎದುರು ಮನೆಯ ಬಾಲ್ಕನಿಯಿಂದ ಯಾರೋ ವಿಡಿಯೋ ತೆಗೆದರು. ಮೀಸೆ ಹೊತ್ತ ಕರಡಿಯೊಂದು ಟ್ಯಾಂಕರಿಗೆ ಬೈಯುತ್ತಿರುವುದು ಮಧ್ಯಾಹ್ನದ ಹೊತ್ತಿಗೆ ಅರೆಕೆರೆಯ ಫೋನುಗಳಲ್ಲೆಲ್ಲ ಓಡಾಡಿತು. ಕೊನೆಗೆ ಅವರದೇ ಅಣ್ಣತಮ್ಮಂದಿರ ವಾಟ್ಸಾಪ್ ಗ್ರೂಪಿಗೂ ಬಂದು ಬಿತ್ತು.

ಆ ಗ್ರೂಪಿನಲ್ಲಿ ಅವರ ಒಡಹುಟ್ಟಿದ ತಮ್ಮನೂ ಇದ್ದರು. ಇಬ್ಬರಿಗೂ ಮಾತು ಬಿಟ್ಟುಹೋಗಿ ವರ್ಷಗಳಾಗಿದ್ದವು. ಆಸ್ತಿ ಭಾಗವಾದಾಗ ಇಬ್ಬರ ಸೈಟಿನ ನಡುವೆ ಒಂದು ಓಣಿ ಉಳಿದಿತ್ತು. ಅದು ನನ್ನದು ಎಂದು ಇಬ್ಬರೂ ಪಟ್ಟು ಹಿಡಿದು, ಕೊನೆಗೆ ನಟ್ಟನಡುವೆ ಗೋಡೆಯೆಬ್ಬಿಸಿದ್ದರು. ಆಮೇಲೆ ಆ ಓಣಿಯಲ್ಲಿ ಬೆಕ್ಕು ಬಿಟ್ಟರೆ ಯಾರೂ ಓಡಾಡುವಂತಿರಲಿಲ್ಲ. ಗ್ರೂಪಿನಲ್ಲಿ ಒಬ್ಬರು ಗುಡ್ ಮಾರ್ನಿಂಗ್ ಹಾಕಿದ ದಿನ ಇನ್ನೊಬ್ಬರು ಹಾಕುತ್ತಿರಲಿಲ್ಲ. ಅಂಥ ತಮ್ಮನ ಕಣ್ಣಿಗೂ ತಾವು ಆ ವೇಷದಲ್ಲಿ ಬಿದ್ದೆವಲ್ಲ ಎಂಬುದನ್ನು ಅಂಕಲ್‌ಗೆ ಸಹಿಸಲಾಗಲಿಲ್ಲ. ಆ ದಿನ ಊಟ ಮಾಡಲಿಲ್ಲ. ಮರುದಿನ ಆಂಟಿ ಮೆಟ್ಟಿಲು ಹತ್ತಿ ಬಂದು ನನ್ನ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತರು.

"ಮನೆ ಖಾಲಿ ಮಾಡ್ಬೇಕಂತೆ ಕಣಮ್ಮ. ನಾನೂ ಎಷ್ಟೋ ಹೇಳ್ದೆ. ಇಷ್ಟು ವರ್ಷ ಮರ್ಯಾದೆ ಕಾಪಾಡ್ಕೊಂಡು ಬಂದೆ, ಒಂದು ಬಟ್ಟೆ ಕಳೆದ್ಬಿಡ್ತು ಅಂತಾರೆ."

ಬೇರೆ ಮನೆ ಹುಡುಕುವ ಶಕ್ತಿಯೂ ನನ್ನಲ್ಲಿ ಉಳಿದಿರಲಿಲ್ಲ. ಅವ್ವನಿಗೆ ಫೋನು ಮಾಡಿ ಬರುತ್ತೇನೆ ಎಂದೆ. ಅವ್ವ ಸಂತೋಷಪಟ್ಟಳು, ಆ ಸಂತೋಷ ಕೇಳಿ ನನಗೆ ಅಳು ಬಂತು. ಹುಲಿ, ಮೊಲ ಎಲ್ಲವನ್ನೂ ಮಡಚಿ ಚೀಲಕ್ಕೆ ತುರುಕಿ, ಹೊಲಿಗೆ ಯಂತ್ರವನ್ನು ತಿಲಕ್ ನಗರದ ಒಬ್ಬ ಟೈಲರಿಗೆ ಕೊಡುವುದೆಂದು ಮಾತಾಡಿ, ಮನೆಯ ಬೀಗದಕೈ ಒಪ್ಪಿಸಲು ಕೆಳಗಿಳಿದೆ.

ಆಂಟಿ ಬಾಗಿಲು ತೆಗೆದರು. ಅಂಕಲ್ ಹಜಾರದ ಸೋಫಾದ ಮೇಲೆ ಕೂತಿದ್ದರು, ಕರಡಿಯಲ್ಲೇ. ಸಿಟ್ಟಿಗೆ ಅದನ್ನು ಬಿಚ್ಚಿ ಎಸೆದು ಲುಂಗಿ ಸುತ್ತಿಕೊಂಡಿದ್ದರಂತೆ; ಹೊಲಿಗೆ ಅರ್ಧ ಗಂಟೆಯೂ ತಾಳಲಿಲ್ಲವಂತೆ. ನಾನು ಬೀಗದಕೈ ಚಾಚಿದ ಹೊತ್ತಿಗೇ ನನ್ನ ಹಿಂದೆ ಯಾರೋ ಚಪ್ಪಲಿ ಬಿಟ್ಟ ಸದ್ದಾಯಿತು. ತಿರುಗಿ ನೋಡಿದೆ. ಉದ್ದಕ್ಕೆ, ತೆಳ್ಳಗೆ, ಇಸ್ತ್ರಿ ಮಾಡಿದ ಬಿಳಿ ಷರಟಿನಲ್ಲಿ ಅಂಕಲ್‌ರ ತಮ್ಮ ನಿಂತಿದ್ದರು. ಅಣ್ಣನಿಗೆ ಆಪರೇಶನ್ ಆಗಿ ತಲೆ ಕೆಟ್ಟಿದೆ ಎಂದು ಯಾರೋ ಹೇಳಿದ್ದನ್ನು ನಂಬಿ, ಗಾಬರಿಯಾಗಿ ಬಂದಿದ್ದರು. ಮುಖ ಬಿಳುಚಿಕೊಂಡಿತ್ತು.

ಅಂಕಲ್ ತಮ್ಮನನ್ನು ಕಂಡರು. ಏಳಲು ಹೊಟ್ಟೆ ಬಿಡಲಿಲ್ಲ. ಅಡಗಲು ಜಾಗವಿರಲಿಲ್ಲ. ಮುಖ ಮುಚ್ಚಿಕೊಳ್ಳಲು ಹಿಂದಿದ್ದ ಟೊಪ್ಪಿಗೆಯನ್ನು ಸರಕ್ಕನೆ ಮುಂದಕ್ಕೆಳೆದುಕೊಂಡರು. ಎರಡು ಗುಂಡು ಕಿವಿಗಳು ಟಣ್ಣನೆ ಎದ್ದು ನಿಂತವು.

"ಅಣ್ಣಾ" ಎಂದರು ತಮ್ಮ. "ಅಣ್ಣಾ, ನಾನ್ಯಾರು ಅಂತ ಗೊತ್ತಾಗುತ್ತಾ?"

ಟೊಪ್ಪಿಗೆಯೊಳಗಿನಿಂದ ಉತ್ತರ ಬಂತು: "ಗೊತ್ತಾಗ್ದೆ ಏನು? ಓಣಿ ನುಂಗ್ದೋನು."

ತಮ್ಮನ ಮುಖದಲ್ಲಿ ಒಮ್ಮೆಲೇ ರಕ್ತ ತುಂಬಿತು. ಅಣ್ಣನ ತಲೆ ನೆಟ್ಟಗೇ ಇದೆ ಎಂಬ ಸಮಾಧಾನವೋ ಏನೋ, ತುಟಿ ಕಚ್ಚಿಕೊಂಡರು, ಗೋಡೆ ಹಿಡಿದುಕೊಂಡರು, ಕೊನೆಗೆ ಆಗದೆ ಬಿದ್ದು ಬಿದ್ದು ನಗತೊಡಗಿದರು. ಅವರ ನಗೆ ಕೇಳಿ ಆಂಟಿಗೆ ನಗು ಬಂತು. ಸೋಫಾದ ಮೇಲಿನ ಕರಡಿಯ ಹೊಟ್ಟೆಯೂ ಅಲುಗತೊಡಗಿತು.

"ನಗಿಸ್ಬೇಡ ಕಣೋ! ಹೊಲಿಗೆ ಬಿಚ್ಚೋಗುತ್ತೆ ಕಣೋ, ಪಾಪಿ!"

ತಮ್ಮ ಅಣ್ಣನ ಪಕ್ಕ ಬಂದು ಕೂತರು. ಟೊಪ್ಪಿಗೆಯನ್ನು ಕೈಯಿಂದ ಮುಟ್ಟಿ ನೋಡಿದರು. "ಅಪ್ಪನ ಕಂಬಳಿ ಗೊಪ್ಪೆ ಇದ್ದಂಗೇ ಇದೆ ಅಲ್ವೇನಣ್ಣಾ" ಎಂದರು. ಹಿಂದೆ ಹೊಲ ಕಾಯುವವರು ಕಂಬಳಿಯನ್ನು ಮಡಚಿ ತಲೆಯ ಮೇಲಿಂದ ಹೊದೆಯುತ್ತಿದ್ದರಲ್ಲ, ಅದು ಗೊಪ್ಪೆ. ಅವರೆ ಹೊಲಕ್ಕೆ ನರಿ ಬಾರದಂತೆ ಅಣ್ಣ ತಮ್ಮ ಇಬ್ಬರೂ ಒಂದೇ ಗೊಪ್ಪೆಯೊಳಗೆ ತೂರಿಕೊಂಡು ಕೂರುತ್ತಿದ್ದರಂತೆ. "ನೀನು ಪೂರ್ತಿ ಎಳ್ಕೊಂಬಿಡ್ತಿದ್ದೆ. ನಂದು ಅರ್ಧ ಮೈ ಯಾವಾಗ್ಲೂ ಆಚೇನೇ" ಎಂದರು ತಮ್ಮ.

"ನೀನು ಒದೀತಿದ್ದೆ" ಎಂದರು ಅಣ್ಣ.

ಆಮೇಲೆ ಅಂಕಲ್‌ರ ದೃಷ್ಟಿ ನನ್ನ ಮೇಲೆ ಬಿತ್ತು. "ನೀನ್ಯಾಕಮ್ಮಾ ಚೀಲ ಹಿಡ್ಕೊಂಡು ನಿಂತಿದ್ದೀಯಾ?"

"ನೀವೇ ಖಾಲಿ ಮಾಡು ಅಂದ್ರೆಲ್ರೀ."

"ಅಂದೆ, ಇಲ್ಲ ಅನ್ನಲ್ಲ." ಎಡಗೈ ಮೀಸೆಗೆ ಹೋಯಿತು. "ಈಗ ಇವನ ಅಳತೆ ತಗೋ. ನೋಡು, ಆಗ್ಲಿಂದ ನನ್ನ ತೋಳೇ ಸವರ್ತಾ ಕೂತವ್ನೆ."

ತಮ್ಮ ನಾಚಿಕೊಂಡು ಕೈ ಹಿಂದೆಗೆದರು. ನಾನು ಚೀಲ ಬಿಚ್ಚಿ ತೋರಿಸಿದಾಗ ಅವರು ಹುಲಿಯನ್ನು ಎತ್ತಿಕೊಂಡರು. ಅಂಕಲ್ ಕೂಡಲೇ, "ಹುಲಿ ದೊಡ್ಡೋನಿಗೆ ಬರ್ಬೇಕು. ಅದು ನಂಗೆ, ಇನ್ನೊಂದು ಜೊತೆ" ಎಂದರು. "ಭಾಗ ಮಾಡೋವಾಗ್ಲೂ ಹಿಂಗೇ ಮಾಡ್ದೆ ನೀನು" ಎಂದು ತಮ್ಮ ದನಿಯೇರಿಸಿದರು. ಆಂಟಿ ಅಡುಗೆಮನೆಯಿಂದ ಸೌಟು ಹಿಡಿದು ಬಂದು, "ಇಬ್ರಿಗೂ ಹುಲಿ ಇಲ್ಲ" ಎಂದು ತೀರ್ಮಾನ ಕೊಟ್ಟರು. ತಮ್ಮನಿಗೆ ಆನೆಯಾಯಿತು. ಟೊಪ್ಪಿಗೆಗೆ ನಾನು ಹೊಲಿದ ಸೊಂಡಿಲು ಮೊದಲ ದಿನವೇ ಕಾಫಿ ಲೋಟದಲ್ಲಿ ಮುಳುಗಿತು. ಮರುದಿನ ಅದನ್ನು ಗಿಡ್ಡ ಮಾಡಿಕೊಟ್ಟೆ.

ಅಂದು ನಾನು ಅವ್ವನಿಗೆ ಮತ್ತೆ ಫೋನು ಮಾಡಿ ಬರುವುದಿಲ್ಲವೆಂದೆ. ಅವಳು ಒಂದು ವಾರ ನನ್ನೊಡನೆ ಮಾತಾಡಲಿಲ್ಲ.

ಅಂಕಲ್ ವಾಸಿಯಾದ ಮೇಲೂ ಕರಡಿಯನ್ನು ಬಿಡಲಿಲ್ಲ. ಸಂಜೆಯಾದರೆ ಟೆರೇಸ್ ಮೇಲೆ ಒಂದು ಕರಡಿ, ಒಂದು ಆನೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕಾರ್ಪೊರೇಶನ್ನಿನವರನ್ನು ಬೈಯುತ್ತ ಕೂತಿರುತ್ತಿದ್ದವು. ಆದರೆ ಆ ವೇಷದಲ್ಲಿ ಬೀದಿಯಿಂದ ಸುತ್ತಿ ಬರಲು ತಮ್ಮನಿಗೆ ಧೈರ್ಯವಿರಲಿಲ್ಲ. ಟ್ಯಾಂಕರಿನ ಕಥೆ ಇನ್ನೊಮ್ಮೆ ಆಗಬಾರದಲ್ಲ. ಅದಕ್ಕೆ ಇಬ್ಬರೂ ಸೇರಿ ಓಣಿಯ ಗೋಡೆಯನ್ನು ಒಡೆಸಿ ಒಬ್ಬ ಮನುಷ್ಯ ತೂರುವಷ್ಟು ದಾರಿ ಮಾಡಿಸಿದರು. ಊರಿನ ಹಿರಿಯರು ಎಷ್ಟು ಸಲ ಕೂತು ಹೇಳಿದರೂ ಅಲುಗದಿದ್ದ ಗೋಡೆ ಅದು. ಅದರಿಂದ ಬಿದ್ದ ಇಟ್ಟಿಗೆ ಯಾರಿಗೆ ಸೇರಬೇಕೆಂದು ಆಮೇಲೆ ಎರಡು ದಿನ ಜಗಳವಾಡಿದ್ದೂ ನಿಜ.

ಮುಖ ಕಾಣಬಾರದೆಂಬ ಷರತ್ತಿನ ಮೇಲೆ ನಾನು ಅವರಿಬ್ಬರ ಫೋಟೋವನ್ನು ಹಿಂದಿನಿಂದ ತೆಗೆದೆ. ಎರಡು ಕುರ್ಚಿ, ಎರಡು ಬಾಲ, ಮುಂದೆ ಅರೆಕೆರೆಯ ನೀರಿನ ಟ್ಯಾಂಕುಗಳ ಸಾಲು. ಆನ್‌ಲೈನಿನಲ್ಲಿದ್ದ ಆ ಕಡ್ಡಿಯಂಥ ಗೆಳತಿಯ ಫೋಟೋಗಳನ್ನೆಲ್ಲ ತೆಗೆದುಹಾಕಿ ಆ ಒಂದನ್ನು ಹಾಕಿದ ಮೇಲೆಯೇ ನನ್ನ ಬಟ್ಟೆ ನಿಜವಾಗಿ ಅದನ್ನು ತೊಟ್ಟು ಮಲಗುವವರ ಮನೆಗೆ ಹೋಗತೊಡಗಿದ್ದು. ಬಸುರಿಯರು ಕೊಂಡರು, ಆಪರೇಶನ್ ಆದವರು ಕೊಂಡರು, ಹಗಲೆಲ್ಲ ಬೆಲ್ಟು ಬಿಗಿದುಕೊಂಡು ನಿಲ್ಲುವ ಸೆಕ್ಯುರಿಟಿ ಕೆಲಸದವರು ಕೊಂಡರು. ಕೆಳಗಿನ ಕಾರ್ ನಿಲ್ಲಿಸುವ ಜಾಗವನ್ನು ಅಂಕಲ್ ತಾವಾಗಿಯೇ ಖಾಲಿ ಮಾಡಿಸಿ, "ಮೇಲೆ ಮನೇಲಿ ಬಿಸಿನೆಸ್ ಮಾಡಂಗಿಲ್ಲ, ರೂಲ್ಸ್ ಅಂದ್ರೆ ರೂಲ್ಸು. ಇಲ್ಲಿ ಮಾಡ್ಕೋ" ಎಂದರು. ನಾಲ್ಕು ಯಂತ್ರ ಹಾಕಿದೆ. ಪ್ರತಿ ಹೊಸ ಮಾದರಿಯೂ ಮೊದಲು ಅವರ ಮೈಮೇಲೆ ಹೋಗಿಯೇ ಆಚೆಗೆ ಬರಬೇಕು. ಜಿರಾಫೆಯೊಂದನ್ನು ತೊಟ್ಟು ಒಂದು ಮಧ್ಯಾಹ್ನ ನಿದ್ದೆ ಮಾಡಿ ಎದ್ದು, "ಕಂಪ್ಲೀಶನ್ ಸರ್ಟಿಫಿಕೇಟ್ ಕೊಡಕ್ಕಾಗಲ್ಲ" ಎಂದಿದ್ದರು. ಜಿರಾಫೆ ಅಲ್ಲಿಗೇ ನಿಂತಿತು.

ಕಳೆದ ವರ್ಷ, ಯುಗಾದಿಯಾದ ಕೆಲವು ದಿನಗಳಿಗೆ, ಒಂದು ಬೆಳಿಗ್ಗೆ ಟೆರೇಸಿನಿಂದ ಇಳಿದು ಬಂದು ಆಂಟಿಯ ಹತ್ತಿರ ಕಾಫಿ ಕೇಳಿದರು. ಆಂಟಿ ಕಾಫಿ ತರುವಷ್ಟರಲ್ಲಿ ಕುರ್ಚಿಯಲ್ಲಿ ತಲೆ ವಾಲಿತ್ತು. ಗೋಡೆಯ ದಾರಿಯಿಂದ ತಮ್ಮ ಓಡಿ ಬಂದರು. ಆಸ್ಪತ್ರೆಗೆ ಒಯ್ಯಲು ಏನೂ ಉಳಿದಿರಲಿಲ್ಲ. ಮನೆಯ ಮುಂದೆ ಮಲಗಿಸಿದಾಗ ರೇಷ್ಮೆ ಅಂಚಿನ ಪಂಚೆ ಉಡಿಸಿ, ಸೊಂಟಕ್ಕೆ ಬಿಗಿಯಾಗಿ ಕಟ್ಟಿದ್ದರು. ಅದನ್ನು ನೋಡಲು ನನ್ನಿಂದ ಆಗಲಿಲ್ಲ. ಒಳಗೆ ಹೋಗಿ ಯಂತ್ರದ ಮುಂದೆ ಸುಮ್ಮನೆ ಕೂತೆ.

ಆ ವರ್ಷದ ಪಿತೃಪಕ್ಷ ಬಂತು. ಮಹಾಲಯ ಅಮಾವಾಸ್ಯೆಯ ದಿನ ಆ ಮನೆಯಲ್ಲಿ ತೀರಿಕೊಂಡ ಹಿರಿಯರಿಗೆ ಹೊಸ ಬಟ್ಟೆಯಿಟ್ಟು, ಇಷ್ಟವಾದದ್ದನ್ನೆಲ್ಲ ಎಡೆ ಹಾಕುತ್ತಾರೆ. ಹಿಂದಿನ ದಿನ ಆಂಟಿ ನನ್ನ ಹತ್ತಿರ ಬಂದು ಬಟ್ಟೆಯ ರಾಶಿಯ ಮೇಲೆ ಕೈಯಾಡಿಸುತ್ತ, "ಪಂಚೆ ಶಲ್ಯ ತಂದಾಯ್ತು. ಆದ್ರೆ ಅದನ್ನ ಅವ್ರು ಮನೇಲಿ ಎಲ್ಲಿ ಉಡ್ತಿದ್ರು ಹೇಳು" ಎಂದರು. ನಾನು ಅವರ ಅಳತೆಗೇ ಹೊಸ ಕರಡಿಯೊಂದನ್ನು ಹೊಲಿದುಕೊಟ್ಟೆ.

ಕಳಶದ ಮುಂದೆ ಪಂಚೆ, ಶಲ್ಯ, ಅದರ ಪಕ್ಕದಲ್ಲಿ ಕಿವಿ ಮೇಲೆ ಮಾಡಿ ಮಡಚಿಟ್ಟ ಕರಡಿ. ಬಂದಿದ್ದ ದಾಯಾದಿಗಳಲ್ಲಿ ವಯಸ್ಸಾದ ಒಬ್ಬರು ಕನ್ನಡಕ ಸರಿಮಾಡಿಕೊಂಡು, "ಇದೇನಮ್ಮಾ ಇಟ್ಟಿದ್ದೀಯಾ?" ಎಂದು ಕೇಳಿದರು.

"ಅವ್ರ ಬಟ್ಟೆ" ಎಂದರು ಆಂಟಿ.

ಪೂಜೆ ಮುಗಿದ ಮೇಲೆ ಆ ಹೊಸ ಬಟ್ಟೆಯನ್ನು ಮನೆಯವರೇ ಯಾರಾದರೂ ಉಡಬೇಕು. ಎಲ್ಲರೂ ಪಂಚೆಯ ಕಡೆ ನೋಡುತ್ತಿದ್ದಾಗ ತಮ್ಮ ಕರಡಿಯನ್ನು ಎತ್ತಿಕೊಂಡು ಒಳಗೆ ಹೋದರು. ಹಾಕಿಕೊಂಡು ಬಂದಾಗ ಅದು ಅವರ ತೆಳ್ಳನೆಯ ಮೈಮೇಲೆ ಎಲ್ಲ ಕಡೆಯಿಂದಲೂ ಜೋತಾಡುತ್ತಿತ್ತು. ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. ಯಾರೂ ನಗಲಿಲ್ಲ. ನನಗಾಗಿ ಬೇರೆ ಮಾಡಿದ್ದ ಅವರೆಕಾಳಿನ ಸಾರಿನ ಬಟ್ಟಲು ಹಿಡಿದು ನಾನು ಪಕ್ಕದ ಎಲೆಗೆ ಕೂತಿದ್ದೆ. ಆಂಟಿ ಬಡಿಸುತ್ತ ಬಂದು ಅವರ ಎಲೆಗೆ ಒಂದು ಮುದ್ದೆ ಹಾಕಿದರು. ನಿಂತು ಯೋಚಿಸಿ, ಇನ್ನೊಂದನ್ನೂ ಹಾಕಿದರು.

"ಅತ್ತಿಗೆ, ಬೇಡಿ, ನಂಗೆ ಒಂದೇ ಜಾಸ್ತಿ" ಎಂದರು ತಮ್ಮ.

"ನಿಂಗಲ್ಲಪ್ಪಾ" ಎಂದರು ಆಂಟಿ. "ಸುಮ್ನೆ ತಿನ್ನು."

ಅವರು ಟೊಪ್ಪಿಗೆಯನ್ನು ಮೇಲೆಳೆದುಕೊಂಡು, ತಲೆ ತಗ್ಗಿಸಿ, ಎರಡೂ ಮುದ್ದೆಯನ್ನು ತಿಂದು ಮುಗಿಸಿದರು.